ಹೊಗೆಗೊಂದು ಬೀರು

ಅವ್ವನ ರೇಷ್ಮೆ ಸೀರೆಗಳಿದ್ದ ಬೀರುವಿನಲ್ಲಿ ಈಗ ಆರು ಸ್ಟೀಲ್ ಸರಳುಗಳಿವೆ. ಸರಳಿನ ತುಂಬ ಕೊಕ್ಕೆ, ಕೊಕ್ಕೆಗೊಂದು ಹಂದಿ ಬಾಡಿನ ಸೀಳು. ಬೀರುವಿನ ನೆತ್ತಿಯಲ್ಲಿ ಎರಡೂವರೆ ಇಂಚಿನ ತೂತು ಕೊರೆದು ಕೊಳವೆ ನಿಲ್ಲಿಸಿದ್ದೇನೆ. ಅಲ್ಲಿಂದ ತೆಳ್ಳಗೆ, ಕೊಂಚ ನೀಲಿ ಬೆರೆತ ಹೊಗೆ ಏಳುತ್ತದೆ. ಬೆಳ್ಳಗೆ ದಪ್ಪಗೆ ಹೊಗೆ ಬಂತೆಂದರೆ ಒಳಗೆ ಏನೋ ಸರಿಯಿಲ್ಲ ಎಂದು ಲೆಕ್ಕ. ಇಷ್ಟು ತಿಳಿಯುವುದಕ್ಕೆ ನಾಲ್ಕು ಸಲ ಬಾಡು ಕೆಡಿಸಿದ್ದೇನೆ. ಬಾಡು ಕೆಡಿಸುವುದು ನಮ್ಮ ಮನೆಯಲ್ಲಿ ಸಣ್ಣ ತಪ್ಪಲ್ಲ.

ನಮ್ಮೂರು ಬೈಲಕುಪ್ಪೆಗೆ ಹತ್ತಿರ, ಪಿರಿಯಾಪಟ್ಟಣ ತಾಲ್ಲೂಕು. ಕೊಪ್ಪ ದಾಟಿ ಕಾವೇರಿ ಸೇತುವೆ ಹತ್ತಿದರೆ ಆಚೆ ಕುಶಾಲನಗರ, ಕೊಡಗು ಶುರು. ನಾನು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡಿಕೊಂಡು ಇಪ್ಪತ್ತು ವರ್ಷವಾಯಿತು. ಅಪ್ಪ ಹೊಗೆಸೊಪ್ಪು ಬೆಳೆದು, ಸೊಪ್ಪು ಒಣಗಿಸುವ ಮನೆಯಾದ ಬ್ಯಾರನ್‌ನಲ್ಲಿ ಬೇಯಿಸಿ, ಹರಾಜಿಗೆ ಹಾಕಿ ನಮ್ಮನ್ನು ಸಾಕಿದವರು. ಅಜ್ಜಿ ಉಪ್ಪುಕಂಡ ಮಾಡುತ್ತಿದ್ದಳು. ಈ ಬೀರುವಿನ ಕತೆಯಲ್ಲಿ ಮೂವರ ಕಸುಬೂ ಸೇರಿಕೊಂಡಿದೆ.

ಅಜ್ಜಿಯ ಉಪ್ಪುಕಂಡದಿಂದಲೇ ಶುರು ಮಾಡುತ್ತೇನೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಊರಲ್ಲಿ ನಾಲ್ಕಾರು ಮನೆಯವರು ಸೇರಿ ಕುರಿಯೋ ಮೇಕೆಯೋ ಕುಯ್ದು, ಮುತ್ತುಗದೆಲೆಯ ಮೇಲೆ ಗುಡ್ಡೆ ಹಾಕಿ ಪಾಲು ಹಂಚುತ್ತಿದ್ದರು. ಎರಡು ಪಾಲು ತಂದ ವರ್ಷ ಮನೆಯಲ್ಲಿ ಒಂದು ದಿನಕ್ಕೆ ಮುಗಿಯದಷ್ಟು ಬಾಡು. ಫ್ರಿಜ್ಜು ಎಂಬ ಹೆಸರನ್ನೇ ನಾವು ಕೇಳಿರಲಿಲ್ಲ. ಅಜ್ಜಿ ಈಳಿಗೆಮಣೆ ಹಾಕಿಕೊಂಡು ಕೂತು, ಮೂಳೆ ಬಿಡಿಸಿದ ಬಾಡನ್ನು ಬೆರಳ ದಪ್ಪಕ್ಕೆ ಉದ್ದುದ್ದ ಸೀಳುತ್ತಿದ್ದಳು. ಕೊಯ್ದ ಎಳೆ ಎಲ್ಲೂ ತುಂಡಾಗಬಾರದು. ಮಡಿಸಿದ ಬಾಡನ್ನು ಒಂದು ಸಲ ಈ ಕಡೆಯಿಂದ, ಇನ್ನೊಂದು ಸಲ ಆ ಕಡೆಯಿಂದ ಕೊಯ್ಯುತ್ತಾ ಹೋದರೆ ಅಂಗೈಯಗಲದ ತುಂಡು ಮೊಳದುದ್ದ ಬಿಚ್ಚಿಕೊಳ್ಳುತ್ತಿತ್ತು. ಕಲ್ಲುಪ್ಪು, ಅರಿಸಿನ, ಖಾರದಪುಡಿ, ಜಜ್ಜಿದ ಬೆಳ್ಳುಳ್ಳಿ. ತಿಕ್ಕಿ ಮಡಕೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ನೀರು ಬಿಟ್ಟಿರುತ್ತಿತ್ತು. ಆ ನೀರು ಬಸಿದು, ದಬ್ಬಣದಲ್ಲಿ ಹುರಿ ಪೋಣಿಸಿ, ಹೂಮಾಲೆಯ ಹಾಗೆ ಕಟ್ಟಿ ಅಂಗಳದಲ್ಲಿ ಗಳಕ್ಕೆ ತೂಗಿಬಿಡುವಳು. ಕಾಗೆ ಕಾಯುವುದು ಮೊಮ್ಮಕ್ಕಳ ಕೆಲಸ. ಮೂರು ದಿನದ ಬಿಸಿಲಾದ ಮೇಲೆ ಮಾಲೆ ಒಳಕ್ಕೆ ಬಂದು ಒಲೆಯ ನೇರಕ್ಕೆ, ಅಟ್ಟದ ಕೆಳಗಿನ ಗಳಕ್ಕೆ ಏರುತ್ತಿತ್ತು.

ಅಲ್ಲಿಂದ ಮುಂದೆ ಅದರ ಗೊಡವೆ ಯಾರಿಗೂ ಇಲ್ಲ. ಬೆಳಿಗ್ಗೆ ಮುದ್ದೆ ಬೇಯುವಾಗ, ಸಂಜೆ ಸಾರು ಕುದಿಯುವಾಗ ಏಳುವ ಹೊಗೆಯೇ ಅದನ್ನು ಕಾಯುತ್ತಿತ್ತು. ನೊಣ ಹತ್ತಿರ ಸುಳಿಯದು. ಒಂದು ತಿಂಗಳಿಗೆ ಅದು ಚಕ್ಕೆಯ ಹಾಗೆ ಕಪ್ಪಗೆ ಗಟ್ಟಿಯಾಗುತ್ತಿತ್ತು. ಬೇಕಾದಾಗ ಒಂದು ತುಂಡು ಮುರಿದು ಕೆಂಡದ ಮೇಲೆ ಸುಟ್ಟು, ಕಲ್ಲಿನ ಮೇಲೆ ಜಜ್ಜಿ ಕೊಡುವಳು. ಇಲ್ಲವೇ ಹುರುಳಿಕಾಳಿನ ಸಾರಿಗೆ ಹಾಕುವಳು. ಮಳೆ ಹಿಡಿದ ಆಷಾಢದಲ್ಲಿ ಸಂತೆಯೂ ದೂರ, ಕೈಯಲ್ಲಿ ಕಾಸೂ ಇಲ್ಲ. ಆಗ ಆ ಎರಡು ತುಂಡಿನ ಸಾರಿನಲ್ಲಿ ಎಂಟು ಜನ ಮುದ್ದೆ ನುಂಗಿದ್ದು ನನಗೆ ನೆನಪಿದೆ.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಪಿತೃಪಕ್ಷದ ಹೊತ್ತಿನ ಬಾಡು ಬಿಸಿಲು ಕಾಣದೆ ನೇರ ಒಲೆ ಮೇಲಕ್ಕೆ ಹೋಗುತ್ತಿತ್ತು. ಆ ಉಪ್ಪುಕಂಡದಲ್ಲಿ ಎಷ್ಟೋ ಸಲ ಹುಳ ಬಿದ್ದಿದೆ. ಅಜ್ಜಿ ಹುಳ ಬಿದ್ದ ಕಡೆ ಕೊಯ್ದು ಬಿಸಾಕಿ, ಉಳಿದದ್ದನ್ನು ಕಾದ ಎಣ್ಣೆಗೆ ಹಾಕುತ್ತಿದ್ದಳು. ಉಪ್ಪು ಎಷ್ಟೆಂದರೆ ತಿಂದ ರಾತ್ರಿಯೆಲ್ಲ ನೀರು ಕುಡಿಯಬೇಕು. ಇನ್ನು ಆ ಹೊಗೆ ಬಾಡನ್ನಷ್ಟೇ ಒಣಗಿಸಿದ್ದಲ್ಲ. ಅಡುಗೆಮನೆಯ ತೊಲೆ, ನೆಲು, ಗೋಡೆ ಎಲ್ಲ ಇಲ್ಲಣ ಹಿಡಿದು ಕರ್ರಗಿದ್ದವು. ಅಜ್ಜಿಯ ಕಣ್ಣು ಯಾವಾಗಲೂ ಕೆಂಪು, ಅರವತ್ತಕ್ಕೆಲ್ಲ ಪೊರೆ ಬಂತು. ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಬೀಡಿ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಕೆಮ್ಮು ಯಾಕೆ ಬಂತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ, ಡಾಕ್ಟರು ತಿರುಗಿ ಕೇಳಿದ್ದು ಒಂದೇ ಮಾತು: ಮನೇಲಿ ಸೌದೆ ಒಲೆನಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗ ಹಳ್ಳಿಯ ಮನೆಗಳಿಗೆಂದು ಮೂರು ಪಾತ್ರೆಯ, ಚಿಮಣಿ ಇರುವ ಒಲೆಯೊಂದನ್ನು ರೂಪಿಸಿತು. ಅದೇ ಅಸ್ತ್ರ ಒಲೆ. ನಮ್ಮ ಮನೆಗೆ ಅದು ಬಂದಾಗ ನಾನು ಹೈಸ್ಕೂಲು. ಸೌದೆ ಕಮ್ಮಿ ಹಿಡಿಯಿತು, ಹೊಗೆ ಚಿಮಣಿಯಲ್ಲಿ ಹೊರಗೆ ಹೋಯಿತು, ಅವ್ವನ ಕಣ್ಣು ಅಜ್ಜಿಯ ಕಣ್ಣಿನಂತಾಗಲಿಲ್ಲ. ಆ ವರ್ಷದ ಉಪ್ಪುಕಂಡ ಮಾತ್ರ ಗಳದ ಮೇಲೇ ಬೂಷ್ಟು ಹಿಡಿಯಿತು. ಹೊಗೆ ಇಲ್ಲದ ಅಡುಗೆಮನೆಯಲ್ಲಿ ಅದಕ್ಕೆ ಕಾವಲು ಯಾರು? ಅಜ್ಜಿ ಮಾಲೆ ಬಿಚ್ಚಿ ತಿಪ್ಪೆಗೆ ಹಾಕಿದಳು; ಆಮೇಲೆ ಮಾಡಲಿಲ್ಲ. ಮುಂದೆ ಗ್ಯಾಸ್ ಬಂತು, ಫ್ರಿಜ್ಜೂ ಬಂತು. ಅಜ್ಜಿಯ ಹೊಗೆ ಒಲೆ ಮತ್ತೆ ಬರಲಿ ಎಂದು ನಾನು ಯಾವತ್ತೂ ಬಯಸಿಲ್ಲ. ಬಾಡಿಗೆ ಹೊಗೆ ಬೇಕಾದರೆ ಹೊಗೆಗೆ ಬೇರೆ ಮನೆ ಕಟ್ಟಿಕೊಡಬೇಕು, ಹೆಂಗಸರು ಉಸಿರಾಡುವ ಮನೆಯಲ್ಲಿ ಅದಕ್ಕೆ ಜಾಗ ಇರಬಾರದು.

ಹೊಗೆ ಹಿಡಿದ ಬಾಡಿನ ಆಸೆ ಮತ್ತೆ ಹತ್ತಿದ್ದು ಸೇತುವೆ ಆಚೆ. ಕೊಡಗಿನ ತೋಟವೊಂದರಲ್ಲಿ ಬೋರ್‌ವೆಲ್ ಮೋಟರ್ ಇಳಿಸಲು ಹೋಗಿದ್ದೆ. ತೋಟದವರು ಒಲೆ ಮೇಲೆ ಒಣಗಿಸಿದ ಹಂದಿ ಬಾಡನ್ನು ಬಾಡಿಸಿ, ಕಾಚಂಪುಳಿ ಹಾಕಿ ಮಧ್ಯಾಹ್ನದ ಊಟಕ್ಕೆ ಬಡಿಸಿದರು. ಒಣಕ್ಕೆರಚಿ ಎಂದರು ಅವರು. ಬಾಯಿಗಿಟ್ಟ ತಕ್ಷಣ ನನ್ನ ಮೂಗಿಗೆ ಬಂದದ್ದು ನಮ್ಮ ಹಳೇ ಅಡುಗೆಮನೆ. ಆ ರುಚಿ ನನಗೆ ಬೇಕು ಅನ್ನಿಸಿತು, ಅಷ್ಟೇ. ನಮ್ಮ ಚಿಕ್ಕಪ್ಪನ ಮಗ ಆಗ ತಾನೇ ಹಂದಿ ಸಾಕಲು ಶುರು ಮಾಡಿದ್ದ. ಬಾಡಿಗೆ ಬರವಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಹಂದಿ ಬಾಡು ಅಜ್ಜಿಯ ಕಾಲದಲ್ಲಿ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಗಂಡಸರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿ, ಪಾತ್ರೆಯನ್ನು ಅಲ್ಲೇ ತೊಳೆದು ಬರಬೇಕಿತ್ತು. ಅವ್ವ ಈಗಲೂ ಆ ನೇಮ ಇಟ್ಟುಕೊಂಡಿದ್ದಾಳೆ. ಹಾಗಾಗಿ ನಾನು ಏನು ಮಾಡಿದರೂ ಹಿತ್ತಲಲ್ಲೇ, ಪಾಳು ಬಿದ್ದ ಬ್ಯಾರನ್ ಪಕ್ಕದ ಚಪ್ಪರದಲ್ಲೇ ಮಾಡಬೇಕಿತ್ತು.

ಮೊದಲು ನೋಡಿದ್ದು ಗುಜರಿ ಅಂಗಡಿಯ ಕೆಟ್ಟ ಫ್ರಿಜ್ಜು. ಬಾಗಿಲು ಬಿಗಿ, ಗೋಡೆಯೊಳಗೆ ಫೋಮು, ಶಾಖ ಆಚೆ ಹೋಗುವುದಿಲ್ಲ. ಆದರೆ ಒಳಗೋಡೆ ಪ್ಲಾಸ್ಟಿಕ್ಕು. ನೂರು ಡಿಗ್ರಿಯ ಹತ್ತಿರ ಅದು ಮೆತ್ತಗಾಗಿ ಕರಗಿ ಬಾಡಿನ ಮೇಲೇ ಇಳಿಯುತ್ತದೆ. ಬಿಟ್ಟುಬಂದೆ. ಆಮೇಲೆ ಕಣ್ಣಿಗೆ ಬಿದ್ದದ್ದು ನಮ್ಮದೇ ಬೀರು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅದಾಗಿ ಕೆಲವು ವರ್ಷಕ್ಕೆ, ಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದಾಗ ಅಪ್ಪ ಆ ಬೀರು ತಂದಿದ್ದರು. ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ಆಳ. ಬೂದು ಬಣ್ಣ, ಬಾಗಿಲಿಗೆ ಕನ್ನಡಿ. ತಳ ತುಕ್ಕು ಹಿಡಿದು ಒಂದು ಕಾಲು ಕುಸಿದ ಮೇಲೆ ಅವ್ವ ಹೊಸದು ತಗೊಂಡಳು, ಇದು ಬ್ಯಾರನ್ ಸೇರಿತು.

ಕರೆಂಟಿನ ಕೆಲಸ ನನ್ನ ಕಸುಬು, ಅಲ್ಲಿ ನಾನು ಎಡವಲಿಲ್ಲ. ಬಯಲು ಸುರುಳಿಯ ಒಲೆಯನ್ನು ತಳಕ್ಕಿಟ್ಟು ಮೇಲೆ ಬಾಡು ತೂಗುಹಾಕಿದವರನ್ನು ನೋಡಿದ್ದೇನೆ. ಕೊಬ್ಬು ಕೆಂಪು ಕಾದ ಸುರುಳಿಯ ಮೇಲೆ ತೊಟ್ಟಿಕ್ಕಿದರೆ ಬೆಂಕಿ ಹತ್ತುತ್ತದೆ, ಉಪ್ಪುನೀರು ತೊಟ್ಟಿಕ್ಕಿದರೆ ಇಡೀ ತಗಡಿಗೆ ಕರೆಂಟು ಬರುತ್ತದೆ. ನಾನು ಹಾಕಿದ್ದು ಓವನ್ನಿಗೆ ಬಳಸುವ, ಮೇಲೆ ಉಕ್ಕಿನ ಕವಚ ಇರುವ 1,500 ವ್ಯಾಟ್ ಹೀಟರು. ಅದರ ಮೇಲೆ ಇಳಿಜಾರಾಗಿ ಒಂದು ತಗಡು, ಕೊಬ್ಬು ಪಕ್ಕದ ಡಬ್ಬಿಗೆ ಇಳಿಯಲಿ ಎಂದು. 230 ವೋಲ್ಟಿಗೆ ಅದು ಆರೂವರೆ ಆಂಪಿಯರ್ ಎಳೆಯುತ್ತದೆ. ಮನೆಯ ಫ್ಯಾನು ಲೈಟಿನ 6 ಆಂಪಿಯರ್ ಸಾಕೆಟ್ಟು ಸುಡುತ್ತದೆ. 16 ಆಂಪಿಯರ್ ಸಾಕೆಟ್ಟು, ಎರಡೂವರೆ ಎಂಎಂ ತಾಮ್ರದ ವೈರು, ಬೀರುವಿನ ಮೈಗೆ ನೇರ ಅರ್ತಿಂಗು, ಮತ್ತೆ 30 ಮಿಲಿಆಂಪಿಯರ್ ಸೋರಿದರೂ ಕಡಿದುಬೀಳುವ ಆರ್‌ಸಿಸಿಬಿ. ಹೀಟರಿನ ತುದಿಗೆ ಮಾಮೂಲಿ ಪಿವಿಸಿ ವೈರು ಹಾಕಿದರೆ ಅದರ ಮೈ ಕರಗುತ್ತದೆ. ಶಾಖ ತಡೆಯುವ ಫೈಬರ್‌ಗ್ಲಾಸ್ ಹೊದಿಕೆಯ ವೈರೇ ಬೇಕು. ಈ ಪ್ಯಾರಾ ಓದಿ ಯಾರಾದರೂ ಬೀರು ಹುಡುಕಿಕೊಂಡು ಹೊರಟರೆ ಇದರಲ್ಲಿ ಒಂದನ್ನೂ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತೋಟದಲ್ಲಿ ಅರ್ತಿಂಗ್ ಇಲ್ಲದ ಮೋಟರ್ ಮುಟ್ಟಿ ಸತ್ತವರ ಮನೆಗಳಿಗೆ ನಾನು ಹೋಗಿ ಬಂದಿದ್ದೇನೆ.

ಎಡವಿದ್ದು ಬೇರೆ ಕಡೆ. ಮೊದಲ ದಿನ ಬರೀ ಬೀರುವನ್ನು ಕಾಯಿಸಿ ನೋಡಿದೆ. ಬಣ್ಣದ ಗಬ್ಬುವಾಸನೆ ಹಿತ್ತಲೆಲ್ಲ ತುಂಬಿತು. ಸೌದೆ ಒಟ್ಟಿ ಬಣ್ಣ ಸುಟ್ಟುಹಾಕುತ್ತೇನೆ ಎಂದು ಹೊರಟಾಗ ವೆಲ್ಡಿಂಗ್ ಗೆಳೆಯ ತಡೆದ. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರುತ್ತದೆ, ಸುಟ್ಟರೆ ಅದನ್ನೇ ಉಸಿರಾಡುತ್ತೀಯ ಎಂದ. ಅವನು ಹೇಳಿದ್ದು ನಿಜ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ನಮ್ಮ ಬೀರು ಅದಕ್ಕಿಂತ ಎಷ್ಟೋ ಹಳೆಯದು.

ಇನ್ನೊಂದು ತೊಂದರೆ ಶಾಖದ್ದು. ಸಂಜೆ ಆರರಿಂದ ಒಂಬತ್ತರವರೆಗೆ ಕಾದರೂ ಮುಳ್ಳು 60 ಡಿಗ್ರಿ ಸೆಲ್ಸಿಯಸ್ ಮುಟ್ಟಲಿಲ್ಲ. ಲೆಕ್ಕ ಹಾಕಿದೆ. ಆ ಬೀರುವಿನ ಮೈ ಎಲ್ಲ ಕಡೆಯಿಂದ ಸೇರಿ ಆರು ಚದರ ಮೀಟರಿಗೂ ಮಿಕ್ಕಿ ಇದೆ. ಬರೀ ತಗಡು, ಹಾಕಿದ ಶಾಖವೆಲ್ಲ ಆಚೆ. ಸಾಲದ್ದಕ್ಕೆ ಸಂಜೆ ವೋಲ್ಟೇಜ್ ಇಳಿಯುತ್ತದೆ. 230ರ ಬದಲು 190 ವೋಲ್ಟ್ ಇದ್ದರೆ ಹೀಟರ್ ಕೊಡುವ ಶಾಖ ಆರರಲ್ಲಿ ಒಂದು ಪಾಲು ಕಮ್ಮಿಯಾಗುತ್ತದೆ ಎಂದುಕೊಳ್ಳುತ್ತಾರೆ ಜನ. ಹಾಗಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿದು ಮೂರರಲ್ಲಿ ಒಂದು ಪಾಲು ಹೋಗಿಬಿಡುತ್ತದೆ. 1,500 ವ್ಯಾಟ್ ಹೀಟರು ಸಾವಿರದ್ದಾಗಿ ಕೂರುತ್ತದೆ.

ಎರಡು ತೊಂದರೆಗೂ ಪರಿಹಾರ ಒಂದೇ ಸಿಕ್ಕಿತು. ಹಳೇ ಬಣ್ಣವನ್ನು ಮುಟ್ಟದೆ ಹಾಗೇ ಬಿಟ್ಟು, ಬೀರುವಿನೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಇನ್ನೊಂದು ಡಬ್ಬಿ ಕೂರಿಸಿದೆವು. ಎರಡರ ನಡುವೆ ಎರಡಿಂಚು ರಾಕ್‌ವೂಲ್ ತುಂಬಿದೆವು. ಬಣ್ಣ ಈಗ ತಣ್ಣಗಿನ ಕಡೆ ಇದೆ, ಬಾಡು ಬಿಸಿ ಕಡೆ. ಬಾಗಿಲ ಸುತ್ತ ಗ್ಲಾಸ್‌ಫೈಬರ್ ಹಗ್ಗ. ಒಳಗೆ ಥರ್ಮೋಕಪಲ್, ಹೊರಗೆ ಡಿಜಿಟಲ್ ಕಂಟ್ರೋಲರು. ಈಗ 107 ಡಿಗ್ರಿ ಬೇಕೆಂದರೆ 107ರಲ್ಲೇ ನಿಲ್ಲುತ್ತದೆ, ಹೀಟರ್ ಅರ್ಧಕ್ಕಿಂತ ಕಮ್ಮಿ ಹೊತ್ತು ಉರಿಯುತ್ತದೆ. ಒಂದು ಸಲದ ಬಾಡಿಗೆ ಮೂರು ಯೂನಿಟ್ಟಿನ ಆಸುಪಾಸು.

ಹೊಗೆಗೆ ಪ್ರತ್ಯೇಕ ಏರ್ಪಾಡು. ಮೂಲೆಯಲ್ಲಿ ಒಂದು ಸಣ್ಣ ಹೀಟರ್ ಮೇಲೆ ಬೀಡಿನ ತಟ್ಟೆ, ಅದರಲ್ಲಿ ಮರದ ಚಕ್ಕೆ. ಉರಿಯಬಾರದು, ಕನಲಬೇಕು. ಹುಣಸೂರಿನ ಸಾಮಿಲ್ಲುಗಳಲ್ಲಿ ಮೂಟೆಗಟ್ಟಲೆ ಹೊಟ್ಟು ಸಿಗುತ್ತದೆ, ಆದರೆ ಯಾವ ಮರ, ಯಾವ ಔಷಧಿ ಬಳಿದ ಮರ ಗೊತ್ತಾಗುವುದಿಲ್ಲ. ನೀಲಗಿರಿ ಕಹಿ, ಬೇವು ಅದಕ್ಕಿಂತ ಕಹಿ. ಕೊನೆಗೆ ನಿಂತದ್ದು ಕೊಡಗಿನ ತೋಟದವರು ಕಸಿ ಮಾಡಿದಾಗ ಕಡಿದುಹಾಕುವ ರೊಬಸ್ಟಾ ಕಾಫಿ ಗಿಡದ ಕಾಂಡ, ಮತ್ತು ನಮ್ಮ ಹಿತ್ತಲ ಸೀಬೆ. ಒಂದು ವರ್ಷ ಒಣಗಿದ ಕಾಫಿ ಕಟ್ಟಿಗೆಯಷ್ಟು ಹದವಾದ ಹೊಗೆ ನಾನು ಬೇರೆಯದರಲ್ಲಿ ಕಂಡಿಲ್ಲ.

ಇಷ್ಟೆಲ್ಲ ಆದ ಮೇಲೂ ಬಾಡು ಕೆಟ್ಟಿತು. ಮೊದಲನೆಯದು ಕಹಿ. ಎರಡನೆಯದು ಹುಳಿ, ನಾಲಿಗೆ ಮೇಲೆ ಡಾಂಬರು ಬಳಿದ ಹಾಗೆ. ಮೂರನೆಯದು ಹೊರಗೆ ಕರ್ರಗೆ, ಮೇಲೆಲ್ಲ ಹೊಗೆನೀರಿನ ಗೆರೆ. ಹೊಗೆ ಹೆಚ್ಚಿದಷ್ಟೂ ರುಚಿ ಎಂದು ನಾನು ಮೇಲಿನ ಕೊಳವೆಗೆ ಬಟ್ಟೆ ತುರುಕಿ, ತಳದ ಗಾಳಿಕಿಂಡಿಯನ್ನೂ ಮುಚ್ಚಿದ್ದೆ. ಅಜ್ಜಿಯ ಅಡುಗೆಮನೆಯಲ್ಲಿ ಹೊಗೆ ಕಣ್ಣು ಬಿಡಲಾಗದಷ್ಟು ಇರುತ್ತಿತ್ತಲ್ಲ, ಹಾಗೇ ಇರಬೇಕು ಎಂಬ ಭಾವನೆ. ಅಜ್ಜಿಯ ಮನೆಗೆ ಹೆಂಚಿನ ಸಂದಿ ಇತ್ತು, ಬಾಗಿಲಿತ್ತು, ಗವಾಕ್ಷಿ ಇತ್ತು ಎಂಬುದು ನೆನಪಾಗಲಿಲ್ಲ.

ನಾಲ್ಕನೆಯ ಸಲ ಅಪ್ಪ ಬಂದು ನಿಂತರು. ಅವರಿಗೆ ಎಪ್ಪತ್ತೆಂಟು. ಅಲ್ಲಿಯವರೆಗೆ ಈ ಕೆಲಸದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನು ಬಾಗಿಲು ತೆರೆದೆ. ಬಾಗಿಲ ಒಳಮೈಯಿಂದ ಕಂದುನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು.

"ಬೆವರ್ತಾ ಐತಲ್ಲೋ ಇದು," ಎಂದರು.

"ಬಾಡಿನ ನೀರಪ್ಪ, ಇರ್ತದೆ."

"ಇರ್ತದೆ ಅಂತ ಒಳಗೇ ಮಡಿಕ್ಕಂಡ್ರೆ? ಸೊಪ್ಪು ಬೆವರುವಾಗ ಮೇಲಿನ ಕಿಂಡಿ ತೆಗೀದೆ ಇದ್ರೆ ಏನಾಯ್ತಿತ್ತು, ನೀನು ಕಂಡಿಲ್ವಾ? ಎಲ್ಲಾ ಕಪ್ಪು. ಆರ್ ದಿನದ ನಿದ್ದೆ ತಿಪ್ಪೆಗೆ. ಮೊದ್ಲು ನೀರು ಓಗ್ಲಿ. ಆಮ್ಯಾಕೆ ಬಣ್ಣ."

ಕಂಡಿದ್ದೆ. ಎಷ್ಟೋ ಸಲ ಕಂಡಿದ್ದೆ. ಬೀರುವಿನ ಪಕ್ಕದಲ್ಲೇ ನಿಂತಿದ್ದ ಬ್ಯಾರನ್ನನ್ನು ನಾನು ಮಾಡುವ ಕೆಲಸದ ಜೊತೆ ಒಂದು ಸಲವೂ ಸೇರಿಸಿ ನೋಡಿರಲಿಲ್ಲ.

ಹೊರಗಿನವರು ಹೊಗೆಸೊಪ್ಪು ಎಂದರೆ ಅದನ್ನು ಹೊಗೆಯಲ್ಲಿ ಒಣಗಿಸುತ್ತಾರೆ ಎಂದುಕೊಳ್ಳುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ವರ್ಜೀನಿಯಾ ಸೊಪ್ಪಿಗೆ ಹೊಗೆ ತಾಗಲೇ ಕೂಡದು. ಬ್ಯಾರನ್ ಎಂದರೆ ಹದಿನಾರಡಿ ಉದ್ದಗಲದ, ಎರಡಾಳು ಮೀರಿದ ಎತ್ತರದ ಕಿಟಕಿಯಿಲ್ಲದ ಮನೆ. ಬೆಂಕಿ ಹೊರಗಿನ ಬಾಯಲ್ಲಿ ಉರಿಯುತ್ತದೆ. ಅದರ ಬಿಸಿ, ಹೊಗೆ ಎರಡೂ ದಪ್ಪ ತಗಡಿನ ಕೊಳವೆಯಲ್ಲಿ ನೆಲದ ಮೇಲೆ ಸುತ್ತು ಹಾಕಿ, ಹೊಗೆ ಚಿಮಣಿಯಿಂದ ಆಚೆ ಹೋಗುತ್ತದೆ. ಒಳಗೆ ಉಳಿಯುವುದು ಶಾಖ ಮಾತ್ರ. ಕೊಳವೆಯಲ್ಲಿ ಒಂದು ಸೀಳು ಬಿಟ್ಟು ಹೊಗೆ ಒಳಗೆ ಬಂದರೆ ಸೊಪ್ಪಿಗೆ ವಾಸನೆ ಹಿಡಿದು ರೇಟು ಬಿತ್ತು. ಅದಕ್ಕೇ ಸೀಜನ್ನಿಗೆ ಮೊದಲು ಅಪ್ಪ ಕೊಳವೆಯ ಪ್ರತಿ ಕೂಡಿಕೆಗೂ ಮಣ್ಣು ಮೆತ್ತಿಸುತ್ತಿದ್ದರು.

ಜುಲೈ ಕೊನೆಯಿಂದ ಸೊಪ್ಪು ಮುರಿಯುವುದು. ತಳದ ಎರಡು ಮೂರು ಎಲೆಯಂತೆ ಬಲಿತ ಹಾಗೆ ಮುರಿದು, ಹೆಂಗಸರು ಕಡ್ಡಿಗೆ ಕಟ್ಟಿ, ಬ್ಯಾರನ್ನಿನ ಅಟ್ಟಣಿಗೆಗಳಿಗೆ ಏರಿಸುವರು. ಹಸಿ ಸೊಪ್ಪಿನ ಅಂಟು ಕೈಗೆ ಕರ್ರಗೆ ಮೆತ್ತಿ, ಮಳೆಯಲ್ಲಿ ಮುರಿದವರಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಅವ್ವನಿಗೆ ಪ್ರತಿ ವರ್ಷ ಆಗುತ್ತಿತ್ತು. ಬೆಂಕಿ ಹಾಕಿದ ಮೇಲೆ ಐದಾರು ದಿನ ಅಪ್ಪ ಬ್ಯಾರನ್ ಬಾಗಿಲಲ್ಲೇ ಮಲಗುವರು. ಮೊದಲು 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್, ಎಲೆ ಹಳದಿ ತಿರುಗುವ ತನಕ. ಆಮೇಲೆ ಮೆಲ್ಲಗೆ ಏರಿಸುತ್ತಾ, ಮೇಲಿನ ಕಿಂಡಿ ತಳದ ಕಿಂಡಿ ತೆರೆದು ನೀರು ಹೊರಗೆ ಬಿಡಬೇಕು. ಅವಸರ ಮಾಡಿದರೆ ಹಸಿರು ಹಸಿರಾಗೇ ನಿಂತುಬಿಡುತ್ತದೆ, ನಿಧಾನ ಮಾಡಿದರೆ ಕಪ್ಪು. ಕೊನೆಗೆ 160ಕ್ಕೆ ಒಯ್ದು ದಪ್ಪ ನರ ಟಣ್ ಎಂದು ಮುರಿಯುವಷ್ಟು ಒಣಗಿಸಬೇಕು. ಒಣಗಿದ ಒಂದೆಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಬೆಂಕಿ. ನಮ್ಮೂರಲ್ಲಿ ಹಾಗೆ ಉರಿದವನ್ನು ನೋಡಿದ್ದೇನೆ. ಒಂದು ಕಿಲೊ ಸೊಪ್ಪು ಹದ ಮಾಡಲು ನಾಲ್ಕೈದು ಕಿಲೊ ಸೌದೆ. ಆ ಸೌದೆಯೆಲ್ಲ ಎಲ್ಲಿಂದ ಬಂತು ಎಂದರೆ, ನಮ್ಮ ಹಾಡಿಗಳು ಯಾಕೆ ಬೋಳಾದವು ಎಂಬ ಪ್ರಶ್ನೆಗೂ ಅದೇ ಉತ್ತರ.

ಆ ರಾತ್ರಿ ಅಪ್ಪ ಬ್ಯಾರನ್ನಿನೊಳಗೆ ಹೋಗಿ ಗೂಡಿನಿಂದ ಹಳೇ ಥರ್ಮಾಮೀಟರ್ ತಂದರು. ಮರದ ಹಲಗೆ, ಕೆಂಪು ಗೆರೆ, ಫ್ಯಾರನ್‌ಹೀಟ್ ಅಂಕಿ. ನನ್ನ ಡಿಜಿಟಲ್ ಅಂಕಿಯನ್ನು ಅವರು ನಂಬಲಿಲ್ಲ. ನಂಬಿಸಬೇಕೆಂದು ನಾನೂ ಹಟ ಮಾಡಲಿಲ್ಲ. ಎರಡನ್ನೂ ಒಂದು ಗಂಟೆ ಅಕ್ಕಪಕ್ಕ ಇಟ್ಟು ನೋಡಿದೆವು, ಎರಡು ಡಿಗ್ರಿ ವ್ಯತ್ಯಾಸ. ಸೊಪ್ಪಿನ ಕಡ್ಡಿ ಒಂದು ಕಟ್ಟು ತಂದು, ಸರಳು ಯಾಕೆ, ಇದಕ್ಕೇ ತೂಗುಹಾಕು ಎಂದರು. ಬೇಡ ಅಂದೆ. ಮೂವತ್ತು ವರ್ಷ ಹಸಿ ಸೊಪ್ಪಿನ ರಸ, ಔಷಧಿ ಕುಡಿದ ಕಡ್ಡಿ ಅವು. ಅಪ್ಪನ ಮುಖ ಕೊಂಚ ಇಳಿಯಿತು, ಆದರೆ ಕಡ್ಡಿಯನ್ನು ಮೂಸಿ ನೋಡಿ ತಾವೇ ವಾಪಸು ಇಟ್ಟುಬಂದರು.

ಅಪ್ಪ ಹೇಳಿದ ಮೇಲೆ ಮಾಡಿದ್ದನ್ನೇ ಈಗಲೂ ಮಾಡುತ್ತೇನೆ. ಕಿಲೊ ಬಾಡಿಗೆ 25ರಿಂದ 30 ಗ್ರಾಂ ಉಪ್ಪು, ತೂಕ ಮಾಡಿಯೇ ಹಾಕುತ್ತೇನೆ. ಉಳಿದದ್ದು ಅಜ್ಜಿಯ ಅಳತೆ: ಅರಿಸಿನ, ಖಾರದಪುಡಿ, ಬೆಳ್ಳುಳ್ಳಿ. ಫ್ರಿಜ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ನೀರು ಒರೆಸಿ ಬೀರುವಿಗೆ. ಹೊಗೆ ಹಾಕುವುದಿಲ್ಲ, ಕಿಂಡಿ ಎರಡೂ ತೆರೆದು 120 ಫ್ಯಾರನ್‌ಹೀಟಿನ ಸುತ್ತ ಒಂದು ಗಂಟೆ. ಬೆರಳಿಟ್ಟರೆ ಬಾಡು ತೇವವಿರಬಾರದು, ಹಲಸಿನ ಮೇಣ ಆರುವಾಗ ಇರುತ್ತದಲ್ಲ, ಅಷ್ಟು ಅಂಟಬೇಕು. ಒದ್ದೆ ಮೈಗೆ ಹೊಗೆ ಕೂತರೆ ಹುಳಿ, ಆರಿದ ಮೈಗೆ ಕೂತರೆ ಬಣ್ಣ. ಆಮೇಲೆ ಚಕ್ಕೆಗೆ ಶಾಖ ಕೊಟ್ಟು ಎರಡು ಮೂರು ಗಂಟೆ ತೆಳು ಹೊಗೆ, ಬೀರುವಿನ ಶಾಖ ಏರಿಸುತ್ತಾ 225ರವರೆಗೆ. ಕೊನೆಯಲ್ಲಿ ಎಲ್ಲಕ್ಕಿಂತ ದಪ್ಪನೆಯ ತುಂಡಿನ ನಡುವಿಗೆ ಮುಳ್ಳು ಚುಚ್ಚಿ ನೋಡುತ್ತೇನೆ. ಅಲ್ಲಿ 160 ಬರಬೇಕು, ಎಂದರೆ 71 ಸೆಲ್ಸಿಯಸ್. ಅಪ್ಪನ ಬ್ಯಾರನ್ನಿನ ಕೊನೆಯ ಅಂಕಿಯೂ ಅದೇ. ಹಾಗೆ ಕೂಡಿಬಂದದ್ದು, ಅಷ್ಟೇ, ಆದರೆ ಅಪ್ಪನಿಗೆ ಅದು ಬಹಳ ಹಿಡಿಸಿತು.

ಆ 160ನ್ನು ನಾನು ಬಿಡುವುದಿಲ್ಲ. ಅರೆಬೆಂದ ಹಂದಿ ಬಾಡಿನಿಂದ ಲಾಡಿಹುಳು ಹೊಟ್ಟೆ ಸೇರುತ್ತದೆ. ಉಗುರುಬೆಚ್ಚಗೆ, ಗಾಳಿಯಾಡದ ಜಾಗದಲ್ಲಿ ತಾಸುಗಟ್ಟಲೆ ಇಟ್ಟ ಬಾಡಿನಲ್ಲಿ ಬಾಟುಲಿಸಂ ಕಾಯಿಲೆ ತರುವ ವಿಷ ಹುಟ್ಟಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರ್ಖಾನೆಯವರು ಅದನ್ನು ತಡೆಯಲು ಸೋಡಿಯಂ ನೈಟ್ರೈಟ್ ಬೆರೆಸುತ್ತಾರೆ. ಅದು ಅಳತೆ ತಪ್ಪಿದರೆ ತಾನೇ ವಿಷ. ಮನೆಯ ತಕ್ಕಡಿಯಲ್ಲಿ ಆ ಆಟ ಬೇಡವೆಂದು ನಾನು ಪೂರ್ತಿ ಬೇಯಿಸಿ, ಫ್ರಿಜ್ಜಿನಲ್ಲಿಟ್ಟು, ವಾರದೊಳಗೆ ಮುಗಿಸುತ್ತೇನೆ. ಇನ್ನೊಂದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಉಪ್ಪು ಹಾಕಿ, ಹೊಗೆ ಹಾಕಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ, ಆದರೆ ಎರಡರ ಅಪಾಯ ಒಂದೇ ಪ್ರಮಾಣದ್ದು ಎಂದು ಅದರ ಅರ್ಥವಲ್ಲ. ತಂಬಾಕು ಬೆಳೆದ ಮನೆಯವನಾಗಿ ಇದನ್ನು ಮುಚ್ಚಿಟ್ಟು ಬರೆಯುವ ಮನಸ್ಸು ನನಗಿಲ್ಲ. ತಿಂಗಳಿಗೊಂದು ಸಲ ಬೀರು ಹಚ್ಚುತ್ತೇನೆ. ಮಕ್ಕಳ ತಟ್ಟೆಗೆ ಎರಡು ತುಂಡು.

ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಿಂದ ಮಿಕ್ಸಿ, ಮೋಟರ್ ರಿಪೇರಿಗೆ ತರುವ ಹಿರಿಯರೊಬ್ಬರಿದ್ದಾರೆ. ಪಾಲಾ ಎಂದೇ ನಾನು ಕರೆಯುವುದು. ಅವರ ಭಾಷೆಯಲ್ಲಿ ಅಪ್ಪ ಎಂದು. 1961ರಲ್ಲಿ ಇಲ್ಲಿ ಟಿಬೆಟಿಯನ್ನರ ಮೊದಲ ವಸತಿ ಶುರುವಾದಾಗ ಅವರು ಸಣ್ಣ ಹುಡುಗ. ಕಾಡು ಕಡಿದು ಜೋಳ ಹಾಕಿದ್ದು, ರಾತ್ರಿ ಆನೆಗೆ ತಗಡು ಬಡಿದದ್ದು ಎಲ್ಲ ನಮ್ಮ ಅಜ್ಜಿಯ ಹಾಗೇ ಹೇಳುತ್ತಾರೆ. ಒಂದು ಸಲ ಅವರಿಗೆ ನಾಲ್ಕು ತುಂಡು ಕೊಟ್ಟೆ. ನಿಧಾನವಾಗಿ ಅಗಿದರು. ಅವರ ಊರಲ್ಲಿ ಬಾಡು ಒಣಗಿಸಲು ಬೆಂಕಿಯೂ ಬೇಡ, ಹೊಗೆಯೂ ಬೇಡವಂತೆ. ಚಳಿಗಾಲದಲ್ಲಿ ಸೀಳಿ ತೂಗುಹಾಕಿದರೆ ಗಾಳಿಯೇ ಹೆಪ್ಪುಗಟ್ಟಿಸಿ ಒಣಗಿಸುತ್ತದೆ. ಅದು ಷಾ ಕಂಪೊ. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಅವರ ಅಮ್ಮ ಹಾಗೇ ತೂಗುಹಾಕಿ, ಮೂರನೇ ದಿನ ಎಲ್ಲವನ್ನೂ ಹೂತರಂತೆ.

"ಇಲ್ಲಿ ಗಾಳಿ ಒದ್ದೆ," ಎಂದರು. "ನಿಮಗೆ ಹೊಗೆ ಬೇಕು."

ಮುಂದಿನ ಸಲ ಅವರೇ ಎರಡು ಕಿಲೊ ಬಾಡು ತಂದಿದ್ದರು, ಖಾರ ಹಾಕಬೇಡ, ಬರೀ ಉಪ್ಪು ಎಂದು ಹೇಳಿ.

ಮೊನ್ನೆ ಭಾನುವಾರ ಆ ಬಾಡಿಗೆಂದು ಬೀರು ಹಚ್ಚಿದ್ದೆ. ಮಧ್ಯಾಹ್ನ ಅಂಗಡಿಯಿಂದ ಕರೆ ಬಂತು. ಗದ್ದೆಗೆ ನೀರು ನಿಂತುಹೋದ ರೈತರಿಗೆ ಮೋಟರ್ ಇವತ್ತೇ ಬೇಕಂತೆ. ಅಪ್ಪನಿಗೆ ಹೇಳಿ ಹೋದೆ. ಹೊತ್ತು ಮುಳುಗುವಾಗ ಬಂದು ನೋಡಿದರೆ, ಚಪ್ಪರದ ಕೆಳಗೆ ಮಂಚ ಎಳೆದುಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು ಕೂತಿದ್ದರು. ಕಂಟ್ರೋಲರಿನ ಕೆಂಪು ಅಂಕಿಗೆ ಬೆನ್ನು. ಕೈಯಲ್ಲಿ ಟಾರ್ಚು. ಬಾಗಿಲನ್ನು ಬೆರಳಷ್ಟು ತೆರೆದು, ಒಳಗೆ ಬೆಳಕು ಬಿಟ್ಟು, ಕಣ್ಣು ಕಿರಿದು ಮಾಡಿ ಕೆಂಪು ಗೆರೆ ನೋಡಿದರು.

"ಮೇಲಿನ ಕಿಂಡಿ ಅರ್ಧ ಮುಚ್ಚಿವ್ನಿ," ಎಂದರು. "ನೀರು ಓಯ್ತು."